ಹದಿನಾಲ್ಕು ಸೆಕೆಂಡಿನ ಟಿಕ್

ಎಕ್ಸ್‌ಚೇಂಜಪ್ಪನಿಗೆ ನಾಚಿಕೆಯ ಪರಿಚಯವಾದದ್ದು ಐವತ್ತಮೂರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅದು ಬೇರೆಯವರಿಗೆ ಬರುವ ಕಾಯಿಲೆ ಎಂದೇ ಅವನು ನಂಬಿಕೊಂಡಿದ್ದ. ಎಕ್ಸ್‌ಚೇಂಜಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರೇನಲ್ಲ. ಇಪ್ಪತ್ತೆರಡು ವರ್ಷ ಟೆಲಿಫೋನ್ ಕಂಪನಿಯ ಎಕ್ಸ್‌ಚೇಂಜಿನಲ್ಲಿ ದುಡಿದು, ಆಮೇಲೆ ಈ ದೊಡ್ಡ ಆಸ್ಪತ್ರೆಯ ಟೆಲಿಫೋನುಗಳನ್ನು ನೋಡಿಕೊಳ್ಳಲು ಬಂದವನು, ಬಾಯಿ ತೆರೆದರೆ “ನಾನು ಎಕ್ಸ್‌ಚೇಂಜಿನಲ್ಲಿದ್ದಾಗ” ಎಂದೇ ಶುರು ಮಾಡುತ್ತಿದ್ದ. ಬಲ್ಬು ಸುಟ್ಟರೂ ಎಕ್ಸ್‌ಚೇಂಜು, ಚಹಾ ಆರಿದರೂ ಎಕ್ಸ್‌ಚೇಂಜು. ನರ್ಸುಗಳು ಮೂರೇ ತಿಂಗಳಲ್ಲಿ ಅವನಿಗೆ ಮರುನಾಮಕರಣ ಮಾಡಿ ಮುಗಿಸಿದ್ದರು. ಅವನಿಗೆ ಅದು ಗೇಲಿ ಅನ್ನಿಸಲಿಲ್ಲ, ಬಿರುದು ಅನ್ನಿಸಿತು. ಅಂಥ ಮನುಷ್ಯ.

ಆಸ್ಪತ್ರೆಯ ಹಳೆಯ ಟೆಲಿಫೋನ್ ಬೋರ್ಡನ್ನು ಕಿತ್ತು ಅದರ ಜಾಗದಲ್ಲಿ ಸರ್ವರ್ ಕೂರಿಸಿದವನು ಅವನೇ. ಬೀರುವಿನಷ್ಟು ದೊಡ್ಡ ಬೋರ್ಡು ಹೋಗಿ ಸೂಟ್‌ಕೇಸಿನಷ್ಟು ಗಾತ್ರದ ಒಂದು ಕಂಪ್ಯೂಟರು ಬಂತು. ಕಂಪನಿಯಿಂದ ಬಂದ ಎರಡು ಡಿಜಿಟಲ್ ಲೈನುಗಳನ್ನು ಅದರ ಬೆನ್ನಿಗೆ ಚುಚ್ಚಿದ. ಒಂದೊಂದು ಲೈನಿನಲ್ಲೂ ಏಕಕಾಲಕ್ಕೆ ಮೂವತ್ತು ಜನ ಮಾತಾಡಬಹುದು. ಎರಡಕ್ಕೂ ಹಸಿರು ದೀಪ ಹತ್ತಿತು. ದೀಪ ಹಸಿರಾದರೆ ಲೈನು ಸರಿ, ಲೈನು ಸರಿಯಾದರೆ ಎಲ್ಲ ಸರಿ ಎಂದು ಘೋಷಿಸಿ, ಹೊರಗಿನವರನ್ನು ಯಾರನ್ನೂ ಕರೆಸದೆ ಒಬ್ಬನೇ ಇದನ್ನೆಲ್ಲ ಮಾಡಿದೆನೆಂದು ಕಂಡಕಂಡವರ ಮುಂದೆ ಬಡಾಯಿ ಕೊಚ್ಚಿಕೊಂಡ.

ಟೆಲಿಫೋನ್ ಕೋಣೆಯಲ್ಲಿ ಮೂವರು ಆಪರೇಟರುಗಳು. ಅವರಲ್ಲಿ ಹಿರಿಯರು ಅವನ ಅತ್ತಿಗೆ, ಆರು ವರ್ಷದ ಹಿಂದೆ ತೀರಿಕೊಂಡ ಅಣ್ಣನ ಹೆಂಡತಿ. ಅಂದಿನಿಂದ ಅವರಿರುವುದು ಇವನ ಮನೆಯಲ್ಲೇ. ಆಸ್ಪತ್ರೆಯಲ್ಲಿ ಅವರಿಗೆ ಬೋರ್ಡಮ್ಮ ಎಂದು ಹೆಸರು. ಬೋರ್ಡು ಹೋದರೂ ಹೆಸರು ಉಳಿಯಿತು. ಇಪ್ಪತ್ತಾರು ವರ್ಷದಿಂದ ಅದೇ ಕಿಟಕಿ, ಅದೇ ಕುರ್ಚಿ. ಆ ಕಡೆಯವರು ಉಸಿರೆಳೆದುಕೊಳ್ಳುವುದರಲ್ಲೇ ಅದು ಯಾವ ಡಾಕ್ಟರು ಎಂದು ಗುರುತು ಹಿಡಿಯುತ್ತಿದ್ದರು. ಇವನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಆಗಷ್ಟೇ ಮದುವೆಯಾಗಿ ಬಂದಿದ್ದ ಅತ್ತಿಗೆ ತಾವು ಆಗ ಕೆಲಸ ಮಾಡುತ್ತಿದ್ದ ಬೇರೊಂದು ಟೆಲಿಫೋನ್ ಬೋರ್ಡಿಗೆ ಇವನನ್ನು ಕರೆದೊಯ್ದು, ತಮ್ಮ ಇಯರ್‌ಫೋನನ್ನು ಇವನ ಕಿವಿಗಿಟ್ಟು, ದೂರದ ಊರಿನ ಗೊರಗೊರ ಕೇಳಿಸಿದ್ದರು. ಇವನಿಗೆ ತಂತಿಯ ಹುಚ್ಚು ಹತ್ತಿದ್ದೇ ಅಲ್ಲಿಂದ. ಆ ವಿಷಯವನ್ನು ಮಾತ್ರ ಅವನು ಯಾರ ಮುಂದೆಯೂ ಹೇಳುತ್ತಿರಲಿಲ್ಲ.

ಸರ್ವರ್ ಕೂತ ಮೂರನೆಯ ದಿನ ಅತ್ತಿಗೆ ಅವನನ್ನು ಕರೆದರು.

“ಹದಿನಾಲ್ಕು ಸೆಕೆಂಡಿಗೊಂದು ಸಲ ಲೈನಲ್ಲಿ ಟಿಕ್ ಅನ್ನುತ್ತೆ ಕಣೋ. ಗೋಡೆ ಗಡಿಯಾರ ನೋಡ್ಕೊಂಡು ಎಣಿಸಿದೀನಿ. ಹದಿನಾಲ್ಕೇ.”

ಅವನು ಹೆಡ್‌ಸೆಟ್ ತೆಗೆದುಕೊಂಡು ಕಿವಿಗಿಟ್ಟ. ಹತ್ತು ಸೆಕೆಂಡು ಕೇಳಿರಬಹುದು. ಮೇಲಿನ ಮಹಡಿಯಲ್ಲಿ ಯಾರೋ ಕಾಯುತ್ತಿದ್ದರು. ಕಿವಿಯಿಂದ ಕಿತ್ತು ಮೇಜಿನ ಮೇಲಿಟ್ಟು, ಏನೂ ಇಲ್ಲ ಅತ್ತಿಗೆ, ನಿಮ್ಮ ಕಿವಿ ಇನ್ನೂ ಹಳೇ ಬೋರ್ಡಿನಲ್ಲೇ ಇದೆ ಎಂದ. ಉಳಿದಿಬ್ಬರು ಆಪರೇಟರುಗಳು ನಕ್ಕರು. ಅತ್ತಿಗೆಯೂ ನಕ್ಕರು. ಇನ್ನು ನಾಲ್ಕೇ ಸೆಕೆಂಡು ತಾಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಟಿಕ್ ಹಾಗಿರಲಿ, ಕರೆಗಳು ಕಡಿದುಹೋಗತೊಡಗಿದವು. ಮಾತಾಡುತ್ತಿದ್ದ ಹಾಗೇ ಲೈನು ಸತ್ತುಹೋಗುವುದು. ಪ್ರಯೋಗಾಲಯದಿಂದ ಬರುವ ಫ್ಯಾಕ್ಸು ಅರ್ಧ ಹಾಳೆಗೇ ನಿಂತುಬಿಡುವುದು. ಅವನು ಹೋಗಿ ನೋಡಿದ, ದೀಪ ಹಸಿರಾಗೇ ಇತ್ತು. ಫ್ಯಾಕ್ಸಿಗೆ ಯಂತ್ರ ಮುದಿಯಾಗಿದೆ ಎಂದ. ಕರೆಗಳಿಗೆ ಏನೆನ್ನಬೇಕೆಂದು ತೋಚದೆ ಒಂದು ತಿಂಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಒಂದು ದಿನ, ಹೆಂಡತಿಯ ಆಪರೇಷನ್ ಏನಾಯಿತೆಂದು ಕೇಳಲು ದೂರದಿಂದ ಫೋನು ಮಾಡಿದ್ದ ಒಬ್ಬನ ಕರೆ ಒಂದೇ ಬೆಳಿಗ್ಗೆ ಮೂರು ಸಲ ಕಡಿದುಹೋಗಿ, ಅವನು ಸಿಟ್ಟಿನಿಂದ ಎರಡು ಪುಟದ ದೂರು ಬರೆದು ಕಳಿಸಿದ. ಆಸ್ಪತ್ರೆಯ ಆಡಳಿತಾಧಿಕಾರಿ ಮೇಡಂ ಎಕ್ಸ್‌ಚೇಂಜಪ್ಪನನ್ನು ಕೋಣೆಗೆ ಕರೆಸಿದರು.

ಅವನು ಬರಿಗೈಯಲ್ಲಿ ಹೋಗಲಿಲ್ಲ. ಸರ್ವರಿನಿಂದ ಒಂದು ಪಟ್ಟಿ ತೆಗೆದುಕೊಂಡು ಹೋದ. ಆ ತಿಂಗಳು ಆಪರೇಟರುಗಳ ಕೈಯಲ್ಲಿರುವಾಗ ಕಡಿದುಹೋದ ತೊಂಬತ್ತು ಕರೆಗಳಲ್ಲಿ ಅರವತ್ತೆರಡು ಅತ್ತಿಗೆಯ ಕುರ್ಚಿಯವು. ಯಾಕೆ ಹಾಗೆ ಎಂದು ಅವನು ಒಂದು ಗಳಿಗೆ ಯೋಚಿಸಬಹುದಿತ್ತು. ಉಳಿದಿಬ್ಬರು ಒಂದು ಕರೆಗೆ ಇಪ್ಪತ್ತು ಸೆಕೆಂಡು ಕೊಟ್ಟರೆ ಹೆಚ್ಚು. ಅತ್ತಿಗೆ ಮಾತ್ರ, ಅಳುವವರಿದ್ದರೆ ಅಳು ನಿಲ್ಲುವವರೆಗೆ, ಮುದುಕರಿದ್ದರೆ ಮಗನ ನಂಬರು ನೆನಪಾಗುವವರೆಗೆ, ಐದು ಹತ್ತು ನಿಮಿಷ ಲೈನು ಬಿಡುತ್ತಿರಲಿಲ್ಲ. ಹೆಚ್ಚು ಹೊತ್ತು ಹಿಡಿದವರ ಕೈಯಲ್ಲೇ ಹೆಚ್ಚು ಕಡಿಯುತ್ತದೆ. ಅದು ಲೆಕ್ಕಕ್ಕೆ ಸಿಗುವ ಮಾತು. ಅವನು ಆ ಲೆಕ್ಕ ಮಾಡಲಿಲ್ಲ. ಮಾಡಿದರೆ ಬೆರಳು ತನ್ನ ಕಡೆ ತಿರುಗೀತು ಎಂಬ ಸಣ್ಣ ಅಳುಕೊಂದು ಒಳಗೆಲ್ಲೋ ಇತ್ತು, ಅದನ್ನು ಅವನು ಆಮೇಲೆ ಒಪ್ಪಿಕೊಂಡ.

“ಮೆಷಿನ್ ಸರಿಯಾಗಿದೆ ಮೇಡಂ. ನಮ್ಮ ಅತ್ತಿಗೆಗೆ ವಯಸ್ಸಾಯ್ತು. ಇಲ್ಲದ ಟಿಕ್ ಬೇರೆ ಕೇಳಿಸುತ್ತೆ ಅಂತಾರೆ. ಕಿವಿ ಒಂದು ಸಲ ತೋರಿಸಿದ್ರೆ ಒಳ್ಳೇದು.”

ನಮ್ಮ ಅತ್ತಿಗೆ ಎಂದದ್ದರಿಂದ ಮಾತಿಗೆ ತೂಕ ಬಂತು. ಸ್ವಂತ ಮನೆಯವನೇ ಹೇಳುತ್ತಿದ್ದಾನಲ್ಲ, ಇನ್ನೇನು.

ಕಿವಿಯ ಪರೀಕ್ಷೆ ಅದೇ ಆಸ್ಪತ್ರೆಯ ನೆಲಮಹಡಿಯಲ್ಲೇ ಆಯಿತು. ಎತ್ತರದ ಸ್ವರಗಳು ತುಸು ಕಡಿಮೆ ಕೇಳಿಸುತ್ತವೆ, ಐವತ್ತೇಳು ವರ್ಷದವರಿಗೆ ಇದು ಸಹಜ ಎಂದು ಕಿವಿಯ ಡಾಕ್ಟರು ಬರೆದರು. ಅಷ್ಟಕ್ಕೆ ಮುಗಿಯುತ್ತಿತ್ತು. ಆದರೆ ಫಾರಮಿನಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಬೇರೆಯವರಿಗೆ ಕೇಳಿಸದ ಶಬ್ದ ನಿಮಗೆ ಕೇಳಿಸುತ್ತದೆಯೇ? ಸುಳ್ಳು ಹೇಳಿ ಅಭ್ಯಾಸವಿಲ್ಲದ ಅತ್ತಿಗೆ, ಹೌದು, ಟಿಕ್ ಎಂದು ತಮ್ಮ ಗುಂಡಗಿನ ಅಕ್ಷರದಲ್ಲಿ ಬರೆದರು. ಆ ಒಂದು ಸಾಲಿನ ಮೇಲೆ ಮೇಡಂ ಅವರನ್ನು ಟೆಲಿಫೋನ್ ಕೋಣೆಯಿಂದ ಎಬ್ಬಿಸಿ ಬಟ್ಟೆ ಕೋಣೆಗೆ ಹಾಕಿದರು. ಹಾಸಿಗೆಯ ಮೇಲಿನ ಚಾದರ, ದಿಂಬಿನ ಕವರು, ರೋಗಿಗಳ ಅಂಗಿ ಎಣಿಸಿ ಮಡಿಸಿ ಇಡುವ ಕೆಲಸ. ನಿವೃತ್ತಿಗೆ ಮೂರೇ ವರ್ಷವಿತ್ತು. ಆ ಮೂರು ವರ್ಷವನ್ನೂ ಆ ಕಿಟಕಿಯ ಪಕ್ಕದಲ್ಲೇ ಕಳೆದು, ಕೊನೆಯ ದಿನ ಕೊನೆಯ ಕರೆಗೆ ಉತ್ತರ ಕೊಟ್ಟು ಎದ್ದು ಬರಬೇಕೆಂಬ ಆಸೆ ಅವರಿಗಿತ್ತು. ಅದನ್ನು ಅವರು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದರು.

ಎಬ್ಬಿಸಿದ ದಿನ ಅವರು ಗೊಣಗಲಿಲ್ಲ. ಸಂಜೆ ಮನೆಗೆ ಬಂದು, ನೀನು ಹೇಳಿದ್ದು ಒಳ್ಳೇದೇ ಆಯ್ತು ಕಣೋ, ಪಾಪ ಯಾರಿಗಾದ್ರೂ ತಪ್ಪು ಕೇಳಿಸ್ಕೊಂಡು ತಪ್ಪು ಹೇಳಿಬಿಟ್ಟಿದ್ರೆ, ಎಂದರು. ಎಕ್ಸ್‌ಚೇಂಜಪ್ಪ ತಲೆದೂಗಿದ.

ಮನೆಯಲ್ಲಿ ಎಲ್ಲರ ಗಂಟಲೂ ಎತ್ತರವಾಯಿತು. ಇವನ ಹೆಂಡತಿ, ಅಡಿಗೆ ಮನೆಯಲ್ಲಿ ಪಕ್ಕದಲ್ಲೇ ನಿಂತಿದ್ದರೂ, ಅಕ್ಕಾ ಉಪ್ಪು ಹಾಕಿದೀರಾ ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದಳು. ಮಗಳು ದೊಡ್ಡಮ್ಮನ ಕಿವಿಯ ಹತ್ತಿರ ಬಾಯಿಟ್ಟು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದಳು. ಪ್ರೀತಿಯಿಂದಲೇ, ಅದರಲ್ಲಿ ಸಂಶಯವಿಲ್ಲ. ಅತ್ತಿಗೆ ಮೊದಮೊದಲು, ಅಷ್ಟು ಕಿರುಚಬೇಡ್ರೇ ಎನ್ನುತ್ತಿದ್ದರು. ಆಮೇಲೆ ಸುಮ್ಮನಾದರು. ಆಮೇಲೆ ಮನೆಯ ಫೋನು ರಿಂಗಾದರೂ ಎತ್ತುವುದನ್ನು ಬಿಟ್ಟರು. ಒಂದೊಂದು ಸಲ ಫೋನಿನ ಕಡೆ ನೋಡಿ, ರಿಂಗಾಗ್ತಿದೆಯೇನೇ ಎಂದು ಮಗಳನ್ನು ಕೇಳುತ್ತಿದ್ದರು.

ಬೋರ್ಡಮ್ಮ ಎದ್ದುಹೋದರೂ ಕರೆಗಳು ಕಡಿಯುವುದು ನಿಲ್ಲಲಿಲ್ಲ. ಈಗ ಎರಡನೆಯ ಆಪರೇಟರಿನ ಕುರ್ಚಿಯಲ್ಲಿ ಕಡಿಯತೊಡಗಿದವು. ಮೇಡಂ ಎಕ್ಸ್‌ಚೇಂಜಪ್ಪನನ್ನು ಹುಬ್ಬೇರಿಸಿ ನೋಡಿದರು. ಇವಳ ಕಿವಿಯನ್ನೂ ತೋರಿಸೋಣವೇ ಎಂದರು. ಅವನು ಬೇರೆ ದಾರಿ ಕಾಣದೆ ಎಕ್ಸ್‌ಚೇಂಜಿಗೆ ಫೋನು ಹಚ್ಚಿದ. ಅಲ್ಲಿ ಈಗ ಅವನ ಜಾಗದಲ್ಲಿರುವವನು ಅವನ ಕೈಕೆಳಗೇ ಕೆಲಸ ಕಲಿತವನು. ನಿಮ್ಮ ಲೈನಲ್ಲೇ ಏನೋ ಇದೆ, ನೋಡಯ್ಯ ಎಂದು ಇವನು ಗದರುವ ದನಿಯಲ್ಲೇ ಶುರು ಮಾಡಿದ. ಆ ಕಡೆಯಿಂದ ಕೀಬೋರ್ಡಿನ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಶಿಷ್ಯ ತುಂಬ ಮರ್ಯಾದೆಯಿಂದ ಕೇಳಿದ.

“ಸರ್, ನಿಮ್ಮ ಮೆಷಿನ್ ಟೈಮನ್ನ ಯಾರಿಂದ ತಗೊಳ್ತಿದೆ?”

ಎಕ್ಸ್‌ಚೇಂಜಪ್ಪನಿಗೆ ಉತ್ತರ ಗೊತ್ತಾಗಲು ಕಂಪ್ಯೂಟರ್ ತೆರೆಯಬೇಕಾಗಿರಲಿಲ್ಲ.

ಡಿಜಿಟಲ್ ಲೈನಿನಲ್ಲಿ ಮಾತು ತುಂಡುತುಂಡಾಗಿ ಹೋಗುತ್ತದೆ, ಸೆಕೆಂಡಿಗೆ ಎಂಟು ಸಾವಿರ ತುಂಡು. ಮನೆ ಕಟ್ಟುವ ಜಾಗದಲ್ಲಿ ಒಬ್ಬ ಇಟ್ಟಿಗೆ ಎಸೆಯುತ್ತಾನೆ, ಇನ್ನೊಬ್ಬ ಹಿಡಿಯುತ್ತಾನೆ. ಇಬ್ಬರ ಕೈಯೂ ಒಂದೇ ತಾಳಕ್ಕೆ ಆಡಬೇಕು. ಎಸೆಯುವವನು ಕೂದಲೆಳೆಯಷ್ಟು ಚುರುಕಾದರೂ ಯಾವಾಗಲೋ ಒಂದು ಇಟ್ಟಿಗೆ ನೆಲಕ್ಕೆ ಬೀಳುತ್ತದೆ. ಅದಕ್ಕೇ ಎಕ್ಸ್‌ಚೇಂಜಿನ ಗಡಿಯಾರವೇ ಎಲ್ಲರಿಗೂ ಗಡಿಯಾರ. ಗಿರಾಕಿಯ ಯಂತ್ರ ಅದರ ತಾಳ ಹಿಡಿದು ನಡೆಯಬೇಕು. ಸರ್ವರಿನ ಕಡತದಲ್ಲಿ ಒಂದೊಂದು ಲೈನಿನ ಮುಂದೆಯೂ ಇದಕ್ಕೆಂದೇ ಒಂದು ಅಂಕಿ ಬರೆಯಬೇಕು. ಒಂದು ಎಂದು ಬರೆದರೆ ಈ ಲೈನಿನಿಂದ ಸಮಯ ತೆಗೆದುಕೋ ಎಂದರ್ಥ. ಸೊನ್ನೆ ಬರೆದರೆ ಇದರಿಂದ ತೆಗೆದುಕೊಳ್ಳಬೇಡ, ನಿನ್ನ ಗಡಿಯಾರದ ಮೇಲೇ ನಡೆ ಎಂದು. ಇಷ್ಟೆಲ್ಲ ಅವನಿಗೆ ಬಾಯಿಪಾಠ. ನೂರಾರು ಗಿರಾಕಿಗಳಿಗೆ ಅವನೇ ಪಾಠ ಹೇಳಿ ಬೈದಿದ್ದ. ಆದರೆ ಇಪ್ಪತ್ತೆರಡು ವರ್ಷ ಅವನು ಕೂತಿದ್ದು ಸಮಯ ಕೊಡುವ ಕಡೆ. ಅಲ್ಲಿ ತಾವು ಕೊಡುವವರು, ಉಳಿದವರೆಲ್ಲ ತೆಗೆದುಕೊಳ್ಳುವವರು. ಇಲ್ಲಿಗೆ ಬಂದು ತಾನೇ ಗಿರಾಕಿಯಾದಾಗಲೂ ಕೈ ಹಳೆಯ ಅಭ್ಯಾಸದಂತೆ ಎರಡೂ ಲೈನಿಗೆ ಸೊನ್ನೆ ಬರೆದಿತ್ತು, ತಲೆಯನ್ನು ಒಂದು ಮಾತು ಕೇಳದೆ.

ಕಡತ ತೆರೆದ. ಎರಡು ಸೊನ್ನೆಗಳು ಅವನನ್ನೇ ನೋಡುತ್ತಿದ್ದವು. ಬಿದ್ದ ತುಂಡುಗಳನ್ನು ಸರ್ವರ್ ತಾನೇ ಎಣಿಸಿಡುತ್ತದೆ. ಆ ಎಣಿಕೆಯ ಪುಟವನ್ನು ಐದು ತಿಂಗಳಲ್ಲಿ ಅವನು ಒಮ್ಮೆಯೂ ತೆರೆದಿರಲಿಲ್ಲ. ಈಗ ತೆರೆದ. ಸರ್ವರನ್ನು ಕೊನೆಯ ಸಲ ಚಾಲೂ ಮಾಡಿದ ಮೇಲಿನ ನಲವತ್ತು ದಿನದಲ್ಲಿ ಎರಡು ಲಕ್ಷ ನಲವತ್ತಾರು ಸಾವಿರ ಚಿಲ್ಲರೆ. ಅವನು ನೋಡುತ್ತಿದ್ದ ಹಾಗೇ ಕೊನೆಯ ಅಂಕಿ ಒಂದು ಏರಿತು. ಕೈಗಡಿಯಾರ ನೋಡಿದ. ಮತ್ತೆ ಏರಿತು. ಹದಿನಾಲ್ಕು ಸೆಕೆಂಡು. ಮತ್ತೆ ಹದಿನಾಲ್ಕು. ಬೀಳುವ ತುಂಡು ಮಾತಿನದಾದರೆ ಕಿವಿಗೆ ಟಿಕ್, ಫ್ಯಾಕ್ಸಿನದಾದರೆ ಅರ್ಧ ಹಾಳೆ, ಲೈನುಗಳ ನಡುವಿನ ಸಂಕೇತದ್ದಾದರೆ ಒಮ್ಮೊಮ್ಮೆ ಕರೆಗೆ ಕರೆಯೇ ಕಡಿದುಹೋಗುವುದು. ಯಂತ್ರಕ್ಕೆ ಗೊತ್ತಿತ್ತು, ಅತ್ತಿಗೆಗೆ ಗೊತ್ತಿತ್ತು. ಆ ಕೋಣೆಯಲ್ಲಿ ಗೊತ್ತಿಲ್ಲದವನು ತಾನೊಬ್ಬನೇ. ಅವನು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹಿಂದೆ ತಿರುಗಿ ನೋಡಿದ. ನಾಚಿಕೆಗೆ ಮೊದಲು ಬಂದದ್ದು ಆ ಹೆದರಿಕೆ, ಅದನ್ನು ಮುಚ್ಚಿಟ್ಟು ಹೇಳಿ ಪ್ರಯೋಜನವಿಲ್ಲ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹತ್ತು ನಿಮಿಷ ಫೋನು ಇರುವುದಿಲ್ಲ ಎಂದು ವಾರ್ಡುಗಳಿಗೆ ತಿಳಿಸಿ, ಮೊದಲ ಲೈನಿಗೆ ಒಂದು, ಎರಡನೆಯದಕ್ಕೆ ಎರಡು ಎಂದು ತಿದ್ದಿ, ಮೊದಲನೆಯದು ಸತ್ತರೆ ಎರಡನೆಯದರಿಂದ ಸಮಯ ಸಿಗುವ ಹಾಗೆ ಮಾಡಿ, ಸರ್ವರನ್ನು ಮತ್ತೆ ಚಾಲೂ ಮಾಡಿದ. ಎಣಿಕೆ ಸೊನ್ನೆಗೆ ಬಂದು ಸೊನ್ನೆಯಲ್ಲೇ ನಿಂತಿತು. ಅರ್ಧ ಗಂಟೆ ಕಾದ. ಏರಲಿಲ್ಲ. ಐದು ತಿಂಗಳ ರೋಗಕ್ಕೆ ಎರಡು ಅಂಕಿಯ ಮದ್ದು.

ಆಗ ಅವನು ಮೇಡಂ ಕೋಣೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದ್ದರೆ ಅರ್ಧ ಮರ್ಯಾದೆ ಉಳಿಯುತ್ತಿತ್ತು. ಹೋಗುವಾಗ ಹೇಳಬೇಕೆಂದೇ ಹೋದ. ಬಾಗಿಲು ತಳ್ಳಿ ಒಳಗೆ ಕಾಲಿಟ್ಟೊಡನೆ ನಾಲಿಗೆ ತಾನೇ ಬೇರೆ ದಾರಿ ಹಿಡಿಯಿತು. ಎಕ್ಸ್‌ಚೇಂಜ್ ಕಡೆ ಗಡಿಯಾರದಲ್ಲಿ ಸಣ್ಣ ದೋಷವಿತ್ತು ಮೇಡಂ, ನಾನು ಪತ್ತೆ ಹಚ್ಚಿ ಸರಿ ಮಾಡಿಸಿದೆ ಎಂದ. ಮೇಡಂ ಖುಷಿಯಾಗಿ ಅವತ್ತೇ ಇದ್ದ ವಾರದ ಸಭೆಯಲ್ಲಿ ಅವನ ಹೆಸರು ಹಿಡಿದು ಹೊಗಳಿದರು. ಯಾರೋ ಚಪ್ಪಾಳೆ ಹೊಡೆದರು. ಅವನು ಕೂತ ಕುರ್ಚಿ ಅವನನ್ನು ಕೆಳಗೆಳೆದುಕೊಂಡರೆ ಸಾಕೆನಿಸಿತು.

ಸುದ್ದಿ ಬಟ್ಟೆ ಕೋಣೆಗೂ ತಲುಪಿತ್ತು. ಅಂದು ಸಂಜೆ ಅತ್ತಿಗೆ ಅಡಿಗೆ ಮನೆಯಲ್ಲಿ ತರಕಾರಿ ಹೆಚ್ಚುತ್ತ ಕೂತಿದ್ದರು. ಇವನನ್ನು ಕಂಡು ಮುಖ ಅರಳಿತು. ಭೇಷ್ ಕಣೋ ಎಂದರು. ಆಮೇಲೆ ಚಾಕು ನಿಲ್ಲಿಸಿ, ತಗ್ಗಿದ ದನಿಯಲ್ಲಿ, ಕೇಳಬಾರದ್ದನ್ನು ಕೇಳುವವರ ಹಾಗೆ ಕೇಳಿದರು.

“ಆ ದೋಷ ಅಂದ್ರಲ್ಲ, ಅದು ಟಿಕ್ ಟಿಕ್ ಅಂತಿತ್ತೇನೋ?”

“ಅಲ್ಲ ಅತ್ತಿಗೆ. ಅದು ಬೇರೆ.”

“ಹೌದಾ.”

ಅವರು ಮತ್ತೆ ಹೆಚ್ಚತೊಡಗಿದರು. ಇವನು ಕೈಕಾಲು ತೊಳೆಯಲು ಬಚ್ಚಲಿಗೆ ಹೋದವನು ಅಲ್ಲೇ ಬಾಗಿಲು ಹಾಕಿಕೊಂಡು ನಿಂತ. ಸೊನ್ನೆ ಬರೆದದ್ದು ಕೈ ತಪ್ಪಿ ಆದದ್ದು. ಮೇಡಂ ಮುಂದೆ ಆಡಿದ್ದು ಹೆದರಿಕೆಯಿಂದ ಆಡಿದ್ದು. ಇದಕ್ಕೆ ಏನು ನೆಪ? ಇವರು ಕೇಳಿದ್ದು ಒಂದೇ ಒಂದು ಪ್ರಶ್ನೆ, ಅದಕ್ಕೆ ಹೌದು ಎಂಬ ಎರಡಕ್ಷರ ಸಾಕಿತ್ತು. ಕನ್ನಡಿಯಲ್ಲಿ ತನ್ನ ಮುಖ ಕಂಡಾಗ ಅವನಿಗೆ ಉಗಿಯಬೇಕೆನ್ನಿಸಿತು.

ಹಾಗೆ ಒಂಬತ್ತು ದಿನ ಕಳೆದವು. ಆ ಒಂಬತ್ತು ದಿನ ಆಸ್ಪತ್ರೆಯಲ್ಲಿ ಅವನ ಬಾಯಿಂದ ಎಕ್ಸ್‌ಚೇಂಜ್ ಎಂಬ ಶಬ್ದ ಹೊರಡಲಿಲ್ಲ. ನರ್ಸುಗಳು ಮೈ ಹುಷಾರಿಲ್ಲವೇ ಎಂದು ಕೇಳಿದರು. ಬಟ್ಟೆ ಕೋಣೆಯ ಮುಂದೆ ಹಾದುಹೋಗಬೇಕಾಗುತ್ತದೆಂದು ಹಿಂದಿನ ಮೆಟ್ಟಿಲು ಹತ್ತಿ ಓಡಾಡಿದ.

ಹತ್ತನೆಯ ದಿನ ರಜೆ. ಹೆಂಡತಿ ಮಗಳು ಪೇಟೆಗೆ ಹೋಗಿದ್ದರು, ಅವನು ಸೈಕಲ್ ರಿಪೇರಿಗೆ ಹೋಗಿದ್ದ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಇರಲಿಲ್ಲ. ಯಾರೋ ತಿರುಗಿಸಿ ನೋಡಿ ಹಾಗೇ ಬಿಟ್ಟುಹೋಗಿದ್ದರು. ಎಲ್ಲರೂ ಒಟ್ಟಿಗೇ ಗೇಟಿನ ಹತ್ತಿರ ಬಂದಾಗ ಹೊಸ್ತಿಲು ದಾಟಿ ನೀರು ಹೊರಗೆ ಬರುತ್ತಿತ್ತು. ಒಳಗೆ ನೋಡಿದರೆ ನಡುಮನೆಯಲ್ಲಿ ಪಾದ ಮುಳುಗುವಷ್ಟು ನೀರು, ಚಾಪೆ ತೇಲುತ್ತಿತ್ತು. ಬಚ್ಚಲಿನ ತೊಟ್ಟಿ ತುಂಬಿ ಧೋ ಎಂದು ಸುರಿಯುತ್ತಿತ್ತು. ಅತ್ತಿಗೆ ಮುಂದಿನ ಕೋಣೆಯ ಮಂಚದ ಮೇಲೆ ಕಾಲು ಮಡಿಸಿ, ಎರಡೂ ಕಿವಿಯ ಮೇಲೆ ಅಂಗೈ ಇಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ನೀರು ಬಾಗಿಲಿನ ಕೆಳಗಿಂದ ಒಳಕ್ಕೆ ಬಂದದ್ದನ್ನು ಅವರು ನೋಡಿರಲಿಲ್ಲ.

ಇವನ ಹೆಂಡತಿ ನಲ್ಲಿ ನಿಲ್ಲಿಸಿ ಬಂದು, ಅಷ್ಟು ಸದ್ದಾದರೂ ಕೇಳಿಸಲಿಲ್ಲವಾ ಅಕ್ಕಾ ಎಂದು ಕೂಗಿದಳು. ಅತ್ತಿಗೆ ನೆಲದ ಮೇಲಿನ ನೀರು ನೋಡಿದರು, ಅವಳ ಮುಖ ನೋಡಿದರು, ಆಮೇಲೆ ಇವನ ಕಡೆ ತಿರುಗಿದರು.

“ಕೇಳಿಸ್ತಿತ್ತು ಕಣೋ. ಒಂದು ಗಂಟೆಯಿಂದ ಕೇಳಿಸ್ತಿತ್ತು. ಇದೂ ಕಿವೀದೇ ಅಂದ್ಕೊಂಡೆ.”

ಮಗಳು ಕಿಸಕ್ಕನೆ ನಕ್ಕಳು, ತಕ್ಷಣ ಬಾಯಿ ಮುಚ್ಚಿಕೊಂಡಳು. ಅತ್ತಿಗೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಕೆಟ್ಟು ಬಟ್ಟೆ ತಂದು ನೆಲಕ್ಕೆ ಕೂತು ನೀರು ಹಿಂಡತೊಡಗಿದರು. ಯಾರು ಬೇಡವೆಂದರೂ ಕೇಳಲಿಲ್ಲ, ನನ್ನಿಂದಾದದ್ದು ಎಂದರು. ಎಕ್ಸ್‌ಚೇಂಜಪ್ಪ ಇನ್ನೊಂದು ಬಟ್ಟೆ ಹಿಡಿದು ಅವರ ಎದುರು ಕೂತ. ಇಬ್ಬರೂ ಬಗ್ಗಿ ಒರೆಸಿದರು. ಅವರ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ. ಒಬ್ಬ ಮನುಷ್ಯನ ಕೈಯಿಂದ ಕುರ್ಚಿ ಕಿತ್ತುಕೊಂಡರೆ ಮರಳಿ ಕೊಡಬಹುದು, ತಾನು ಕಿತ್ತುಕೊಂಡದ್ದು ಅದನ್ನಲ್ಲ ಎಂದು ಅವನಿಗೆ ಹೊಳೆದದ್ದು ಆ ಒದ್ದೆ ನೆಲದ ಮೇಲೆ.

ಮರುದಿನ ಬೆಳಿಗ್ಗೆ ಮೇಡಂ ಬರುವ ಮೊದಲೇ ಅವರ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಒಂದು ಹಾಳೆ. ಸೊನ್ನೆ ಬರೆದದ್ದು ತಾನು, ಎಕ್ಸ್‌ಚೇಂಜಿನದು ಏನೂ ತಪ್ಪಿಲ್ಲ, ಆಪರೇಟರು ಹೇಳಿದ ಟಿಕ್ ನಿಜ, ಹದಿನಾಲ್ಕು ಸೆಕೆಂಡು ಎಂದ ಅವರ ಎಣಿಕೆಯೂ ನಿಜ, ಇದನ್ನು ಅವರ ಕಿವಿಯ ವರದಿಯ ಜೊತೆಗೇ ಇಡಬೇಕು ಎಂದು ಬರೆದು ಸಹಿ ಹಾಕಿದ್ದ. ಮೇಡಂ ಎರಡು ಸಲ ಓದಿದರು. ಎಷ್ಟು ದಿನದಿಂದ ಗೊತ್ತಿತ್ತು ಎಂದು ಕೇಳಿದರು. ಹನ್ನೊಂದು ದಿನ ಎಂದ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಹಾಳೆಯನ್ನು ಕಡತಕ್ಕೆ ಸೇರಿಸುತ್ತ, ಸ್ವಂತ ಅತ್ತಿಗೆ ಅಲ್ವಾ ನಿಮಗೆ ಎಂದು ಮಾತ್ರ ಕೇಳಿ, ಅವರನ್ನು ಕುರ್ಚಿಗೆ ವಾಪಸು ಕರೆಸಿ ಎಂದರು.

ಟೆಲಿಫೋನ್ ಕೋಣೆಗೂ ತಾನೇ ಹೋಗಿ ಉಳಿದಿಬ್ಬರ ಮುಂದೆ ಅದನ್ನೇ ಹೇಳಿದ. ಅವತ್ತು ನಕ್ಕಿದ್ದವರು ಇವತ್ತು ನಗಲಿಲ್ಲ. ಅವರಲ್ಲೊಬ್ಬಳು, ನನಗೂ ಒಂದೆರಡು ಸಲ ಟಿಕ್ ಅಂದ ಹಾಗಿತ್ತು, ನೀವೇ ಇಲ್ಲ ಅಂದಿರಲ್ಲ ಅಂತ ಸುಮ್ಮನಾದೆ ಎಂದು ತಲೆ ತಗ್ಗಿಸಿದಳು. ಅದೂ ಅವನ ಲೆಕ್ಕಕ್ಕೇ ಸೇರಿತು.

ಬಟ್ಟೆ ಕೋಣೆಯಲ್ಲಿ ಅತ್ತಿಗೆ ಚಾದರ ಮಡಿಸುತ್ತಿದ್ದರು. ಅವನು ಇನ್ನೊಂದು ತುದಿ ಹಿಡಿದುಕೊಂಡು, ಮಡಿಸುತ್ತಲೇ ಎಲ್ಲ ಹೇಳಿದ. ಮೆಲ್ಲಗೆ ಹೇಳಿದ, ಕೂಗಲಿಲ್ಲ. ಅವರಿಗೆ ಒಂದಕ್ಷರವೂ ತಪ್ಪದೆ ಕೇಳಿಸಿತು.

“ಹದಿನಾಲ್ಕೇನಾ?”

“ಹದಿನಾಲ್ಕೇ ಅತ್ತಿಗೆ.”

“ಆವತ್ತು ಕೇಳಿದ್ನಲ್ಲ. ಬೇರೆ ಅಂದ್ಯಲ್ಲ.”

“ಸುಳ್ಳು ಹೇಳ್ದೆ. ನಾಚಿಕೆ ಆಯ್ತು, ಅದಕ್ಕೇ ಹೇಳ್ದೆ. ಈಗ ಅದಕ್ಕಿಂತ ಹೆಚ್ಚು ಆಗ್ತಿದೆ.”

ಅವರು ಮಡಿಸಿದ ಚಾದರವನ್ನು ರಾಶಿಯ ಮೇಲಿಟ್ಟು ಅಂಚು ಸರಿ ಮಾಡಿದರು. ಆಗಲಿ ಬಿಡು ಎಂದರು. ಹಳೆಯ ಕುರ್ಚಿಗೆ ವಾಪಸು ಬರಲು ಮೇಡಂ ಹೇಳಿದ್ದಾರೆ ಎಂದಾಗ, ಬರಲಾ ಎಂದು ಇವನನ್ನೇ ಕೇಳಿದರು.

ಮೇಡಂ ಇನ್ನೊಂದು ಮಾತೂ ಹೇಳಿದ್ದರು. ಇನ್ನು ಮೇಲೆ ಯಾವ ಲೈನು ರಿಪೇರಿಯಾದರೂ ಆಪರೇಟರು ಕಿವಿಗೊಟ್ಟು ಕೇಳಿ, ಏನು ಕೇಳಿಸಿತೆಂದು ಪರೀಕ್ಷೆಯ ಹಾಳೆಯಲ್ಲಿ ಬರೆದು ಸಹಿ ಹಾಕಬೇಕು. ಮೊದಲ ಹಾಳೆ ಬೋರ್ಡಮ್ಮನದೇ ಆಗಬೇಕು. ಹನ್ನೊಂದು ಗಂಟೆಗೆ ಅತ್ತಿಗೆ ಕಿಟಕಿಯ ಪಕ್ಕದ ತಮ್ಮ ಕುರ್ಚಿಯಲ್ಲಿ ಕೂತರು. ಕುರ್ಚಿಯ ಎತ್ತರವನ್ನು ಯಾರೋ ಬದಲಿಸಿದ್ದರು, ಅವನು ಬಗ್ಗಿ ಸರಿಪಡಿಸಿದ. ಎಕ್ಸ್‌ಚೇಂಜಿನ ಪರೀಕ್ಷೆಯ ನಂಬರಿಗೆ ಕರೆ ಹಚ್ಚಿದ. ಅಲ್ಲಿಂದ ಒಂದೇ ಸಮನೆ ಒಂದು ಸ್ವರ ಬರುತ್ತದೆ, ಟಿಕ್ ಇದ್ದರೆ ಅದರಲ್ಲಿ ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ಒಂದು ಹೆಡ್‌ಸೆಟ್ ಅವರ ತಲೆಗೆ, ಇನ್ನೊಂದು ತನ್ನ ತಲೆಗೆ ಹಾಕಿಕೊಂಡ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಬಂತು, ಎರಡು ಸುತ್ತು ಬಂತು, ಐದು ಸುತ್ತು ಬಂತು. ಅವನು ಒಂದೇ ಒಂದು ಸಲವೂ ಕದಲಲಿಲ್ಲ. ಸ್ವರ ಎಲ್ಲೂ ಬಿಕ್ಕಳಿಸಲಿಲ್ಲ.

ಅತ್ತಿಗೆ ಪೆನ್ನು ಹಿಡಿದು ಹಾಳೆಯ ಮೇಲೆ ಬಗ್ಗಿದರು. ಬರೆಯಲಿಲ್ಲ. ಮೊದಲಾಗಿದ್ದರೆ ಇಷ್ಟು ಹೊತ್ತಿಗೆ, ಸ್ವರ ಚೊಕ್ಕವಾಗಿದೆ, ಆದರೆ ಹಿಂದೆ ಎಲ್ಲೋ ಫ್ಯಾನು ತಿರುಗುತ್ತಿದೆ, ಅದಕ್ಕೆ ಎಣ್ಣೆ ಹಾಕಿಸಿ ಎಂದು ಬರೆದು ಮುಗಿಸುತ್ತಿದ್ದರು. ಈಗ ತಲೆಯೆತ್ತಿ ಇವನ ಮುಖ ನೋಡಿದರು.

“ನಿನಗೇನು ಕೇಳಿಸ್ತು ಹೇಳು. ಅದನ್ನೇ ಬರೀತೀನಿ.”

“ನಾನು ಹೇಳಬಾರದು ಅತ್ತಿಗೆ. ನೀವು ಕೇಳಿದ್ದು ಬರೀರಿ.”

“ನಂದು ಬೇಡ. ನಿಂದು ಹೇಳು.”

ಅವರು ಪೆನ್ನು ಊರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಎರಡನೆಯ ಆಪರೇಟರು ಯಾರಿಗೋ ವಾರ್ಡಿನ ನಂಬರು ಹೇಳುತ್ತಿದ್ದಳು.

“ಟಿಕ್ ಇಲ್ಲ ಅತ್ತಿಗೆ. ಆದ್ರೆ ನನ್ನ ಕಿವಿ ನಂಬಬೇಡಿ. ಆವತ್ತೂ ಇಲ್ಲ ಅಂದಿದ್ದೆ.”

ಅವರು ಹೂಂ ಎಂದರು. ಟಿಕ್ ಇಲ್ಲ ಎಂದು ಗುಂಡಗಿನ ಅಕ್ಷರದಲ್ಲಿ ಬರೆದರು. ಅದರ ಕೆಳಗೆ, ಕೇಳಿದವರು ಎಂದು ಅಚ್ಚಾಗಿದ್ದ ಕಡೆ, ಅವನ ಹೆಸರು ಬರೆದರು. ಆಮೇಲೆ ಹಾಳೆಯನ್ನು ಅವನ ಕಡೆಗೆ ತಿರುಗಿಸಿ, ಸರಿಯಾಗಿದೆಯಾ ನೋಡು ಎಂದರು.